ಹಾಸನದ ತೆರೆಯ ಮೇಲೆ ಮತ್ತೊಮ್ಮೆ ‘ಓಂ’

ಹಾಸನದ ಹಳೆಯ ಚಿತ್ರಮಂದಿರವೊಂದರಲ್ಲಿ ಈ ವಾರ ‘ಓಂ’ ಮರುಪ್ರದರ್ಶನಗೊಳ್ಳುತ್ತಿದೆ. ಅಕ್ಕನ ಮಗನನ್ನು ಕರೆದುಕೊಂಡು ಸಂಜೆಯ ಆಟಕ್ಕೆ ಹೋಗಿದ್ದೆ. ಬಾಲ್ಕನಿಯ ಕುರ್ಚಿಗಳು ಪರವಾಗಿಲ್ಲ. ಆದರೆ ಎಡಬದಿಯ ಸ್ಪೀಕರು ಪ್ರತಿ ಹೊಡೆದಾಟಕ್ಕೂ ಗೊರಗುಟ್ಟುತ್ತಿತ್ತು. ಮಧ್ಯಂತರದಲ್ಲಿ ಕೊಟ್ಟ ಕಾಫಿಯ ಬಗ್ಗೆ, ಕಾಫಿ ಬೆಳೆಯುವ ಜಿಲ್ಲೆಯವನಾಗಿ, ಏನೂ ಹೇಳದಿರುವುದೇ ಮರ್ಯಾದೆ.

ಚಿತ್ರದ ಬಗ್ಗೆಯಾದರೋ ಹೇಳುವುದು ಬಹಳವಿದೆ. 1995ರಲ್ಲಿ ಇದು ತೆರೆಗೆ ಬಂದಾಗ ಉಪೇಂದ್ರ ಅವರು ಒಂದು ಹಾಸ್ಯಚಿತ್ರ, ಒಂದು ಭಯದ ಚಿತ್ರ ಮಾಡಿ ಮುಗಿಸಿದ್ದ ಯುವ ನಿರ್ದೇಶಕರು. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಿಗೆ ಹೆಸರಾಗಿದ್ದ ಪಾರ್ವತಮ್ಮ ರಾಜ್‌ಕುಮಾರ್ ಅವರು, ತಮ್ಮ ಮಗ ಶಿವರಾಜ್‌ಕುಮಾರ್ ಅವರ ಕೈಗೆ ಲಾಂಗು ಕೊಡುವ ಇಂಥ ಕಥೆಗೆ ಹಣ ಹೂಡಿದ್ದು ಸಣ್ಣ ಧೈರ್ಯವಲ್ಲ. ಬೆಂಗಳೂರಿನ ನಿಜವಾದ ರೌಡಿಗಳೇ ಇದರಲ್ಲಿ ಕಾಣಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಟಿಸುವ ಗೋಜಿಗೇ ಹೋಗದೆ ಸುಮ್ಮನೆ ನಿಂತು ದಿಟ್ಟಿಸುವ ಅವರ ನೋಟ ಇಂದಿಗೂ ಮೈ ಜುಮ್ಮೆನಿಸುತ್ತದೆ.

ಆದರೆ ಚಿತ್ರವನ್ನು ಉಳಿಸಿರುವುದು ಲಾಂಗಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಚಕರ ಮಗನಾದ ಸತ್ಯ, ಪ್ರೇಮಾ ಅಭಿನಯಿಸಿದ ಮಾಧುರಿಯ ಕಾರಣದಿಂದ ರೌಡಿಲೋಕಕ್ಕೆ ಜಾರುತ್ತಾನೆ; ನಿರ್ದೇಶಕರು ಮೊದಲು ನಮಗೆ ರೌಡಿಯನ್ನು ತೋರಿಸಿ, ಅವನ ಮೇಲೆ ನಮಗೊಂದು ತೀರ್ಮಾನ ಮೂಡಿದ ಮೇಲೆ, ಹಿಂದಕ್ಕೆ ಹೋಗಿ ಆ ಮನೆಯ ಬಾಗಿಲು ತೆರೆಯುತ್ತಾರೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಹುಡುಗ ನನ್ನ ಕಿವಿಯ ಬಳಿ ಬಗ್ಗಿ, “ಮಾವ, ಇವ್ನು ಯಾಕೆ ಹಿಂಗಾದ?” ಎಂದು ಕೇಳಿದ. ಮುಂದೆ ಬಂದ ಹತ್ತಾರು ಮಚ್ಚು-ಲಾಂಗಿನ ಚಿತ್ರಗಳು ಇದರಿಂದ ಆಯುಧವನ್ನಷ್ಟೇ ಎರವಲು ಪಡೆದವು, ಆ ಪ್ರಶ್ನೆಯನ್ನು ಬಿಟ್ಟವು.

ಹಂಸಲೇಖ ಅವರ ಸಂಗೀತದಲ್ಲಿ ‘ಹೇ ದಿನಕರ’ ಬಂದಾಗ, ಅಲ್ಲಿಯವರೆಗೆ ಶಿಳ್ಳೆ ಹೊಡೆಯುತ್ತಿದ್ದ ಗಾಂಧಿ ಕ್ಲಾಸು ಒಮ್ಮೆಲೇ ತಣ್ಣಗಾಯಿತು. ಮಗನ ಚಿತ್ರಕ್ಕೆ ತಂದೆಯ ಕಂಠ. ಅದರ ಎದುರು ಯಾರು ಶಿಳ್ಳೆ ಹೊಡೆದಾರು?

ಚಿತ್ರ ಜನರ ನಡುವೆ ಬಾಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಸುಮಾರು 20 ವರ್ಷ ಇದು ಟಿ.ವಿ.ಯಲ್ಲಿ ಬರಲೇ ಇಲ್ಲ. 2015ರಲ್ಲಷ್ಟೇ ಮೊದಲ ಪ್ರಸಾರ ಕಂಡಿತು. ಅಲ್ಲಿಯವರೆಗೆ ನೋಡಬೇಕೆಂದವರು ಚಿತ್ರಮಂದಿರಕ್ಕೇ ಬರಬೇಕಿತ್ತು. ಹೊಸ ಚಿತ್ರ ಮಕಾಡೆ ಮಲಗಿದಾಗ ಮಾಲೀಕರ ಕೈ ಹಿಡಿಯುತ್ತಿದ್ದುದೂ ಇದೇ. ಮರುಬಿಡುಗಡೆಗಳ ಸಂಖ್ಯೆ 500 ದಾಟಿದೆ ಎಂಬ ಮಾತು ಚಾಲ್ತಿಯಲ್ಲಿರುವುದು ಸುಮ್ಮನೆ ಅಲ್ಲ.

ದೋಷಗಳಿಲ್ಲವೆಂದಲ್ಲ. ಕೆಲವು ಹೊಡೆದಾಟಗಳು ಇಂದಿನ ಕಣ್ಣಿಗೆ ಉದ್ದವೆನಿಸುತ್ತವೆ; ಹುಡುಗಿಯನ್ನು ಬೆನ್ನಟ್ಟಿ ಹೆದರಿಸುವುದನ್ನು ಪ್ರೀತಿಯೆಂದು ಒಪ್ಪಿಕೊಳ್ಳಲು ನನಗೆ ಈ ಸಲ ಕಷ್ಟವಾಯಿತು. ಇಲ್ಲಿನ ಪ್ರತಿಯಲ್ಲಿ ಬಣ್ಣ ಮಾಸಿದೆ, ಗೀರುಗಳೂ ಇವೆ.

ಗುರುವಾರದವರೆಗೆ ಆಟವಿದೆಯಂತೆ. ಹೋಗುವವರು ಬಲಬದಿಯ ಸೀಟನ್ನೇ ಕೇಳಿ ಪಡೆಯಿರಿ, ಕಾಫಿಯನ್ನು ಮನೆಯಲ್ಲೇ ಕುಡಿದು ಹೋಗಿ.