ಹಳೆ ತೇಗದ ದುಂಡು ಟೀಪಾಯಿ: ರಾಯಚೂರಿನ ನಾಲ್ಕು ಬೇಸಿಗೆ ಕಳೆದ ಮೇಲೆ

ಮೊದಲು ಬಿರುಕಿನ ವಿಷಯ ಹೇಳಿಬಿಡುತ್ತೇನೆ. ಈ ಟೀಪಾಯಿ ಬಗ್ಗೆ ಬರೀಬೇಕು ಅನ್ನಿಸಿದ್ದೇ ಅದರಿಂದ.

2022ರ ಮಾರ್ಚ್ ಕೊನೆಯ ವಾರ. ಊಟ ಮುಗಿಸಿ ಎಲ್ಲರೂ ಮಲಗಿದ್ದೆವು. ಹಾಲ್‌ನಲ್ಲಿ ಟಪ್ ಅಂತ ಸದ್ದಾಯಿತು, ತೆಂಗಿನಕಾಯಿ ಒಡೆದ ಹಾಗೆ. ಬೆಕ್ಕು ಏನೋ ಬೀಳಿಸಿರಬೇಕು ಅಂದುಕೊಂಡು ಸುಮ್ಮನಾದೆ. ಬೆಳಿಗ್ಗೆ ಟೀಪಾಯಿ ಒರೆಸುವಾಗ ಬಟ್ಟೆಯ ದಾರ ಎಲ್ಲೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಹಲಗೆಯ ಅಂಚಿನಿಂದ ನಡುವಿನ ಕಡೆಗೆ ಉದ್ದಕ್ಕೆ ಒಡೆದಿದೆ, ಹದಿನಾಲ್ಕು ಇಂಚು. ಒಂದು ರೂಪಾಯಿ ನಾಣ್ಯ ಅದರೊಳಗೆ ತೂರುತ್ತಿತ್ತು.

ಮನೆಗೆ ತಂದು ಆಗ ಬರೀ ಆರು ತಿಂಗಳು. 11,500 ರೂಪಾಯಿ ಕೊಟ್ಟಿದ್ದೆ, ಟಂಟಂ ಗಾಡಿ ಬಾಡಿಗೆ ಬೇರೆ. ಒಂದೂವರೆ ವರ್ಷ ಚೀಟಿ ಕಟ್ಟಿ ಉಳಿಸಿದ ದುಡ್ಡು ಅದು. ನಿಂತಲ್ಲೇ ಕಣ್ಣಲ್ಲಿ ನೀರು ಬಂತು.

ಹಳೆ ಸಾಮಾನಿನ ಅಂಗಡಿಯವರು ಮಾರುವಾಗ ಹೇಳಿದ್ದು, ಇದು ನಿಜಾಮರ ಕಾಲದ್ದು, ಅಪ್ಪಟ ಆಂಟಿಕ್ ಅಂತ. ನಮ್ಮ ಊರಲ್ಲಿ ಹಳೇದೆಲ್ಲ ನಿಜಾಮರ ಕಾಲದ್ದೇ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ನೂರು ವರ್ಷ ದಾಟಿದ್ದನ್ನು ಆಂಟಿಕ್ ಅನ್ನುತ್ತಾರೆ. ನಿಜಾಮರ ಆಳ್ವಿಕೆ ಮುಗಿದದ್ದು 1948ರಲ್ಲಿ. ಆ ಕೊನೆಯ ವರ್ಷ ಮಾಡಿದ್ದು ಅಂತ ಇಟ್ಟುಕೊಂಡರೂ ನೂರು ತುಂಬೋದು 2048ಕ್ಕೆ. ಅದಕ್ಕೂ ಹಳೇದಾಗಿದ್ದರೆ ಇರಬಹುದು, ಆದರೆ ಮಾತು ಕೇಳಿಯೇ ಆಂಟಿಕ್ ಬೆಲೆ ಕೊಡಬೇಡಿ, ಟೀಪಾಯಿ ಬೋರಲು ಹಾಕಿ ನೋಡಿ. ನಾನು ಅಂಗಡಿಯಲ್ಲಿ ಅದನ್ನು ಮಾಡಲಿಲ್ಲ. ಮೇಲಿನ ಹೊಳಪು, ಕಡೆದ ನಾಲ್ಕು ಕಾಲು, ಜೇನಿನ ಬಣ್ಣ, ಇಷ್ಟು ನೋಡಿ ಒಪ್ಪಿಕೊಂಡೆ.

ಬೋರಲು ಹಾಕಿದ್ದು ಬಿರುಕು ಬಿಟ್ಟ ಮೇಲೆ, ನಮ್ಮ ಓಣಿಯ ವಯಸ್ಸಾದ ಬಡಿಗರು ಮನೆಗೆ ಬಂದಾಗ. ಚಾಪೆ ಹಾಸಿ ಟೀಪಾಯಿ ತಿರುವಿ ಹಾಕಿದರು. ಹಲಗೆಯ ಅಡಿಯಲ್ಲಿ ಎರಡು ಅಡ್ಡಪಟ್ಟಿ. ಪಟ್ಟಿಯ ಉದ್ದಕ್ಕೂ ಗೋಂದು ಸುರಿದು, ಮೇಲೆ ಆರಾರು ಸ್ಕ್ರೂ ಬಿಗಿದಿದ್ದರು. ಪ್ಲಸ್ ತಲೆಯ ಹೊಳೆಯೋ ಸ್ಕ್ರೂ. ಆ ಥರದ ಸ್ಕ್ರೂ ಹೆಚ್ಚಾಗಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಮತ್ತೆ ಇವಂತೂ ನಿನ್ನೆ ಮೊನ್ನೆ ಹಾಕಿದ ಹಾಗಿದ್ದವು. ಪಕ್ಕದಲ್ಲೇ ಹಳೆ ತೂತುಗಳಿಗೆ ಮೇಣ ತುಂಬಿದ್ದರು. ಅಂದರೆ ಮಾರುವ ಮುಂಚೆ ಯಾರೋ ಗಟ್ಟಿಯಾಗಲಿ ಅಂತ ಬಿಗಿ ಮಾಡಿದ್ದಾರೆ.

ಬಡಿಗರು ಪಟ್ಟಿ ಮೇಲೆ ಬೆರಳು ಆಡಿಸುತ್ತಾ ಹೇಳಿದ್ದು ಇಷ್ಟು: "ಅಕ್ಕಾರ, ಕಟ್ಟಿಗಿ ಮಳಿಗಾಲಕ್ಕ ಹಿಗ್ಗತದ, ಬ್ಯಾಸಗಿಗೆ ಕುಗ್ಗತದ. ಹಿಂಗ ಕಟ್ಟಿಹಾಕಿದ್ರ ಅದು ಎಲ್ಲಿ ಹೋಗಬೇಕ್ರೀ? ಒಡದು ಹೋಗ್ತದ."

ವಿಷಯ ಅಷ್ಟೇ. ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗೋದೇ ಇಲ್ಲ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಅಡ್ಡಪಟ್ಟಿ ಅದಕ್ಕೆ ಬಿಡಲಿಲ್ಲ. ನಾನು ತಂದದ್ದು ಸೆಪ್ಟೆಂಬರ್‌ನಲ್ಲಿ, ಗಾಳಿಯಲ್ಲಿ ಇನ್ನೂ ಮಳೆಯ ತೇವ ಇತ್ತು. ಮಾರ್ಚ್‌ಗೆ ನಮ್ಮ ರಾಯಚೂರಿನ ಒಣ ಬಿಸಿಲು ಶುರುವಾಯಿತು. ಟೀಪಾಯಿ ಇಟ್ಟಿದ್ದೆಲ್ಲಿ? ಪಶ್ಚಿಮದ ಕಿಟಕಿಯ ಮುಂದೆ, ಸಂಜೆ ಬಿಸಿಲು ಬಿದ್ದಾಗ ಮರದ ಬಣ್ಣ ಚೆನ್ನಾಗಿ ಕಾಣುತ್ತದೆ ಅಂತ.

ಅಂಗಡಿಗೆ ಹೋಗಿ ಕೇಳಿದೆ. ಹಳೆ ಮರ ಒಡೆಯುತ್ತದೆ, ಗ್ಯಾರಂಟಿ ಇಲ್ಲ ಅಂದರು. ನನಗೆ ಸಿಟ್ಟು ಬಂದದ್ದು ಅದಕ್ಕೆ. ಹಳೇದಾಗಿದ್ದಕ್ಕೆ ಒಡೆಯಲಿಲ್ಲ, ಹೊಸದಾಗಿ ಬಿಗಿದದ್ದಕ್ಕೆ ಒಡೆಯಿತು. ಇದನ್ನು ಎರಡು ಸಲ ಹೇಳಿದೆ, ಅವರು ಬೇರೆ ಗಿರಾಕಿ ಕಡೆ ತಿರುಗಿದರು. ಆ ತಿಂಗಳು ಯಾರಾದರೂ ಕೇಳಿದ್ದರೆ ಹಳೆ ಫರ್ನಿಚರ್ ಗೋಜಿಗೇ ಹೋಗಬೇಡಿ ಅಂತ ಹೇಳುತ್ತಿದ್ದೆ.

ರಿಪೇರಿಗೆ 1,800 ಆಯಿತು. ಬಡಿಗರು ಸ್ಕ್ರೂ ಎಲ್ಲ ಬಿಚ್ಚಿ, ತೆಳು ಉಳಿ ಹಾಕಿ ಗೋಂದು ಬಿಡಿಸಿದರು. ಪಟ್ಟಿಯ ನಡುವಿನ ಒಂದು ತೂತು ಮಾತ್ರ ಹಾಗೇ ಬಿಟ್ಟು, ಆಚೀಚಿನ ತೂತುಗಳನ್ನು ಉಳಿಯಿಂದ ಕೊರೆದು ಉದ್ದ ಮಾಡಿದರು, ಅವರೆಕಾಳಿನ ಆಕಾರಕ್ಕೆ. ಈಗ ನಡುವಿನ ಸ್ಕ್ರೂ ಹಿಡಿದುಕೊಳ್ಳುತ್ತದೆ, ಪಕ್ಕದವು ಹಲಗೆಯ ಜೊತೆ ಸರಿಯುತ್ತವೆ. ಬಿಗಿತ ಬಿಟ್ಟಿದ್ದೇ ತಡ ಬಿರುಕು ಅರ್ಧ ಮುಚ್ಚಿಕೊಂಡಿತು! ಉಳಿದದ್ದಕ್ಕೆ ಮಳೆಗಾಲ ಬರೋವರೆಗೆ ಕಾಯಿರಿ ಅಂದರು. ಆಗಸ್ಟ್‌ನಲ್ಲಿ ಬಂದು ಹಳೆ ತೇಗದ ಸೀಳೊಂದನ್ನು ಕೂರಿಸಿ ಅರಗಿನ ಪಾಲಿಶ್ ಹಚ್ಚಿದರು. ಹುಡುಕಿದರೆ ಗೆರೆ ಕಾಣುತ್ತದೆ.

ಇನ್ನೊಂದು ತೋರಿಸಿದರು, ಅದು ನನಗೆ ತುಂಬಾ ಇಷ್ಟವಾಯಿತು. ಟೇಪ್ ಹಿಡಿದು ಎಳೆಯ ಉದ್ದಕ್ಕೆ ಅಳೆದರು: 36 ಇಂಚು. ಅಡ್ಡಕ್ಕೆ ಅಳೆದರು: 35 ಮುಕ್ಕಾಲು. ದುಂಡಗೆ ಕೊಯ್ದ ಹಲಗೆ ವರ್ಷಗಟ್ಟಲೆ ಅಡ್ಡಕ್ಕೆ ಕುಗ್ಗಿ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರ ಆಗಿದೆ. ಅಡಿಯಲ್ಲಿ ಕೈ ಉಜ್ಜುಗೊರಡಿನ ಸಣ್ಣ ಅಲೆಗಳೂ ಸಿಕ್ಕವು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಸ್ಕ್ರೂ ಹೊಸದು, ಆದರೆ ಹಲಗೆ ನಿಜವಾಗಿ ಹಳೇದೇ. ಅವತ್ತಿನಿಂದ ನನ್ನ ಮನಸ್ಸು ತಿರುಗಿತು.

ಕೊಳ್ಳೋರು ಟೇಪ್ ಒಂದು ತಗೊಂಡು ಹೋಗಿ. ಅಂಚಿನಲ್ಲಿ ಬಿಳಿಚಿದ ಮರ ಇದ್ದರೆ ಅಲ್ಲಿ ಸಣ್ಣ ತೂತು ಹುಡುಕಿ. ತೇಗದ ತಿರುಳಿಗೆ ಸುಲಭಕ್ಕೆ ಕುಟ್ಟೆ ಹಿಡಿಯೋಲ್ಲ, ಬಿಳಿ ಭಾಗಕ್ಕೆ ಹಿಡಿಯುತ್ತದೆ. ತೂತಿದ್ದರೆ ತಟ್ಟಿ ನೋಡಿ, ಹಿಟ್ಟಿನ ಹಾಗೆ ಹೊಸ ಪುಡಿ ಉದುರಿದರೆ ಬಿಟ್ಟು ಬನ್ನಿ.

ಈಗ ಇಟ್ಟಿರೋ ಜಾಗಕ್ಕೆ ಬರುತ್ತೇನೆ. ನಮ್ಮ ಹಾಲ್ 11 ಅಡಿಗೆ 14 ಅಡಿ. ಕಿಟಕಿಯಿಂದ ಎತ್ತಿ ಒಳಗೋಡೆಯ ಕಡೆ ತಂದೆವು, ಸೋಫಾನೂ ತಿರುಗಿಸಿದೆವು. ಕೂಲರ್ ಗಾಳಿ ನೇರವಾಗಿ ಬಡಿಯದ ಹಾಗೆ ನೋಡಿಕೊಂಡೆ. ಏಪ್ರಿಲ್‌ನಲ್ಲಿ ಕೂಲರ್‌ನ ಹಸಿ ಗಾಳಿ ಒಂದು ಮಗ್ಗುಲಿಗೇ ಬಡಿದರೆ ಹಲಗೆ ಸೊಟ್ಟಗಾಗುತ್ತದೆ. ಸೋಫಾದಿಂದ ಟೀಪಾಯಿಗೆ ಒಂದೂವರೆ ಅಡಿ ಬಿಟ್ಟಿದ್ದೇನೆ, ಮೊಣಕಾಲು ತಾಗೋಲ್ಲ, ಲೋಟ ಕೈಗೆ ಸಿಗುತ್ತದೆ. ಆಚೆ ಕಡೆ ಎರಡೂವರೆ ಅಡಿ ಖಾಲಿ.

ಆ ಖಾಲಿ ಜಾಗ ಅಮ್ಮನದು. ಸೋಫಾ ಸೀಟು 17 ಇಂಚು, ಟೀಪಾಯಿ 16. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೂ ಆ ಎತ್ತರ ಸರಿಹೋಗುತ್ತದೆ ಅನ್ನೋದು ಕೊಳ್ಳುವಾಗ ತಲೆಗೇ ಬಂದಿರಲಿಲ್ಲ. ಅಮ್ಮ ಸೋಫಾ ಮೇಲೆ ಕೂರೋದೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಕಂಬಳಿ ಹಾಸಿಕೊಂಡು, ಮೊರ ಟೀಪಾಯಿ ಮೇಲಿಟ್ಟು, ಸೋನಾಮಸೂರಿ ಅಕ್ಕಿ ಆರಿಸುತ್ತಾಳೆ. ಮೊದಲು ಮೊರ ತೊಡೆ ಮೇಲಿಟ್ಟು ಬಗ್ಗಿ ಬಗ್ಗಿ ಬೆನ್ನು ನೋವು ಅನ್ನುತ್ತಿದ್ದಳು, ಈಗ ಆ ಮಾತಿಲ್ಲ. ಕಲ್ಲು ಸಿಕ್ಕರೆ ಟೀಪಾಯಿಯ ಅಂಚಿಗೆ ಸಾಲಾಗಿ ಜೋಡಿಸುತ್ತಾಳೆ, ಕೊನೆಗೆ ಎಣಿಸಿ ಅಂಗೈಗೆ ಸರಿಸಿಕೊಳ್ಳುತ್ತಾಳೆ. ದುಂಡು ಟೀಪಾಯಿಗೆ ಮೂಲೆ ಇಲ್ಲ ನೋಡಿ, ಮಗಳು ಎದುರಿಗೆ ಕೂತು ಹೋಂವರ್ಕ್ ಮಾಡಿದರೂ ಇಬ್ಬರಿಗೂ ಅಡ್ಡಿಯಾಗೋಲ್ಲ. ಸಂಜೆ ಅದರ ಮೇಲೇ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ.

ಚಹಾ ಲೋಟದ್ದು ಒಂದು ತೊಂದರೆ ಇದೆ, ಇನ್ನೂ ಇದೆ. ಅರಗಿನ ಪಾಲಿಶ್‌ಗೆ ಬಿಸಿ ಆಗೋಲ್ಲ. ಸ್ಟೀಲ್ ಲೋಟ ಇಟ್ಟರೆ ಬಿಳಿ ಉಂಗುರ ಬಿಡುತ್ತದೆ. ಮೇಲೆ ಗಾಜು ಹಾಕಿಸಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ, ನಮ್ಮ ಸೆಕೆಗೆ ಪಾಲಿಶ್ ಮೆತ್ತಗಾಗಿ ಗಾಜಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಎತ್ತಿದರೆ ಮೇಲ್ಮೈ ಕಿತ್ತು ಬರುತ್ತದೆ. ಅಮ್ಮ ಹಳೆ ಇಳಕಲ್ ಸೀರೆಯ ತುಂಡು ಒಂದರ ಮೇಲೊಂದು ಇಟ್ಟು ಅಂಗೈ ಅಗಲದ ಆರು ಕೌದಿ ಹೊಲಿದಳು. ಲೋಟ ಅದರ ಮೇಲೆ. ಬಂದ ನೆಂಟರಿಗೂ ಮೊದಲು ಕೌದಿ, ಆಮೇಲೆ ಚಹಾ. ಬೇಗ ಬೇಗ ಚಹಾ ಕುಡಿದು ಎಲ್ಲೆಂದರಲ್ಲಿ ಲೋಟ ಇಡೋ ಮನೆಯವರಿಗೆ ಈ ಪಾಲಿಶ್ ಬೇಡ, ಅವರು ಬೇರೆ ಗಟ್ಟಿ ಪಾಲಿಶ್ ಹಾಕಿಸಲಿ.

ಎಲ್ಲ ಸೇರಿ ಹದಿನಾಲ್ಕು ಸಾವಿರ ಆಗಿದೆ. ಮತ್ತೆ ಕೊಳ್ಳುತ್ತೀಯಾ ಅಂದರೆ ಕೊಳ್ಳುತ್ತೇನೆ, ಅದೇ ಅಂಗಡಿಯಲ್ಲಿ ಅಲ್ಲ. ಪ್ರತಿ ಮಾರ್ಚ್‌ನಲ್ಲಿ ಸೀಳು ಕೂರಿಸಿದ ಗೆರೆಯ ಮೇಲೆ ಉಗುರು ಎಳೆದು ನೋಡುತ್ತೇನೆ. ಈ ಸಲವೂ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.