ಹಳೆ ರ‍್ಯಾಮ್ ಎಲ್ಲಿ ಮಾರೋದು? ಮುಂಬೈಯಲ್ಲಿ ನಾಲ್ಕು ಕಡೆ ಮಾರಿ ನೋಡಿದೆ

ಡೊಂಬಿವಲಿಯಲ್ಲಿ ನನ್ನ ಸೋದರಮಾವ ಇಪ್ಪತ್ತು ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದರು. ಬಾಗಿಲು ಹಾಕಿದಾಗ ಮೇಜು, ಕುರ್ಚಿ, ಮಾನಿಟರ್ ಎಲ್ಲಾ ಹೋಯಿತು. ಉಳಿದದ್ದು ಎರಡು ಹಳೆ ಕಂಪ್ಯೂಟರ್, ಒಂದು ಬಿಸ್ಕತ್ತಿನ ಡಬ್ಬ. ಡಬ್ಬದೊಳಗೆ ಕಂಪ್ಯೂಟರಿನ ಮೆಮೊರಿ, ಅಂದರೆ 63 ರ‍್ಯಾಮ್ ಸ್ಟಿಕ್. "ತೂಕಕ್ಕೆ ಕೊಟ್ಟುಬಿಡು ಮಾರಾಯ, ಇದನ್ನೆಲ್ಲ ಈಗ ಯಾರು ಕೇಳ್ತಾರೆ?" ಅಂದರು ಮಾವ. ನನಗೆ ಮನಸ್ಸು ಬರಲಿಲ್ಲ. ಕೆಲಸ ಮಾಡುವ ವಸ್ತುವನ್ನು ಗುಜರಿಗೆ ಹಾಕುವುದು ಅನ್ನ ಚೆಲ್ಲಿದ ಹಾಗೆ ಅನ್ನಿಸುತ್ತದೆ ನನಗೆ.

ಮಾರುವ ಮೊದಲು ಗುರುತು ಹಿಡಿಯಬೇಕಲ್ವಾ? ಅದಕ್ಕೂ ಮೂರು ದಾರಿ ಇದೆ. ಕಚ್ಚು ನೋಡುವುದು, ಲೇಬಲ್ ಓದುವುದು, ಮೆಷಿನ್ನಿಗೆ ಹಾಕುವುದು.

ಕಚ್ಚು ಅಂದರೆ ಚಿನ್ನದ ಬಣ್ಣದ ಪಿನ್ನುಗಳ ಸಾಲಿನ ನಡುವೆ ಇರುವ ಸಣ್ಣ ಸೀಳು. ಎರಡು ಕಚ್ಚು ಇದ್ದರೆ ತುಂಬಾ ಹಳೆಯ ಎಸ್‌ಡಿರ‍್ಯಾಮ್, 168 ಪಿನ್. ಒಂದೇ ಕಚ್ಚು, 184 ಪಿನ್ ಇದ್ದರೆ ಅದರ ಮುಂದಿನ ತಲೆಮಾರು, ಮೊದಲ ಡಿಡಿಆರ್. ತಲೆ ಕೆಡುವುದು ಆಮೇಲಿನ ತಲೆಮಾರುಗಳಾದ ಡಿಡಿಆರ್2 ಮತ್ತು ಡಿಡಿಆರ್3 ಬಂದಾಗ. ಎರಡಕ್ಕೂ 240 ಪಿನ್, ಉದ್ದವೂ ಒಂದೇ. ಡಿಡಿಆರ್2ರಲ್ಲಿ ಒಂದು ಬದಿಯ 120 ಪಿನ್ನುಗಳನ್ನು ಕಚ್ಚು 64 ಮತ್ತು 56 ಆಗಿ ಒಡೆಯುತ್ತದೆ, ಅಂದರೆ ಹೆಚ್ಚುಕಡಿಮೆ ಮಧ್ಯದಲ್ಲೇ ಇರುತ್ತದೆ. ಡಿಡಿಆರ್3ರಲ್ಲಿ 48 ಮತ್ತು 72. ಕಚ್ಚು ಒಂದು ಕಡೆಗೆ ಸರಿದದ್ದು ಕಣ್ಣಿಗೇ ಕಾಣುತ್ತದೆ. ಒಂದೊಂದು ಗೊತ್ತಿರುವ ಸ್ಟಿಕ್ ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಐದು ಸೆಕೆಂಡಿನ ಕೆಲಸ. ನನ್ನ ಡಬ್ಬದಲ್ಲಿ ಎಸ್‌ಡಿರ‍್ಯಾಮ್ ಮತ್ತು ಮೊದಲ ಡಿಡಿಆರ್ ಸೇರಿ 14, ಡಿಡಿಆರ್2 17, ಡಿಡಿಆರ್3 19, ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ 9 ಸಿಕ್ಕವು. ಉಳಿದ ನಾಲ್ಕರ ಕಥೆ ಆಮೇಲೆ ಹೇಳುತ್ತೇನೆ.

ತಲೆಮಾರು ಹೇಳಲು ಕಚ್ಚು ಸಾಕು. ಬೆಲೆ ಹೇಳಲು ಲೇಬಲ್ ಬೇಕು. '4ಜಿಬಿ 2ಆರ್‌ಎಕ್ಸ್8 ಪಿಸಿ3-12800ಯು' ಅಂತ ಇದ್ದರೆ ಡಿಡಿಆರ್3, 1600ರ ವೇಗ. 1600ನ್ನು 8ರಿಂದ ಗುಣಿಸಿದರೆ 12800, ಅಷ್ಟೇ ಲೆಕ್ಕ. ಕೊನೆಯ ಅಕ್ಷರ ಮರೆಯಬೇಡಿ. ಯು ಅಂದರೆ ಮಾಮೂಲಿ ಡೆಸ್ಕ್‌ಟಾಪ್, ಎಸ್ ಅಂದರೆ ಲ್ಯಾಪ್‌ಟಾಪ್, ಆರ್ ಅಂದರೆ ಸರ್ವರ್. 'ಪಿಸಿ3ಎಲ್' ಅಂತ ಎಲ್ ಇದ್ದರೆ ಕಡಿಮೆ, 1.35 ವೋಲ್ಟಿನಲ್ಲೂ ಓಡುತ್ತದೆ. ಲ್ಯಾಪ್‌ಟಾಪಿನವರು ಇದನ್ನೇ ಹುಡುಕಿ ಕೇಳುತ್ತಾರೆ.

ಆ ನಾಲ್ಕು ಸ್ಟಿಕ್ ನನ್ನನ್ನು ಚೆನ್ನಾಗಿ ಓಡಾಡಿಸಿದವು. ಒಂದೊಂದೂ 8ಜಿಬಿ. ನಿಧಿ ಸಿಕ್ಕಿತು ಅಂದುಕೊಂಡೆ. ಡೆಸ್ಕ್‌ಟಾಪಿಗೆ ಹಾಕಿದರೆ ಬರೀ ಬೀಪ್. ಸಾಲಿನಲ್ಲಿ ಎಂಟರ ಬದಲು ಒಂಬತ್ತು ಚಿಪ್ ಇದ್ದವು, ಮಧ್ಯೆ ಬೇರೆ ಆಕಾರದ ಇನ್ನೊಂದು ಚಿಪ್. ಲೇಬಲ್ ಕೊನೆಯಲ್ಲಿ ಆರ್! ಅಕ್ಷರ ಓದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಲೇಬಲ್ ಹರಿದಿದ್ದರೆ ಮೆಷಿನ್ನಿಗೆ ಹಾಕಿ, ಒಳಗಿನ ಭಾಗಗಳ ವಿವರ ತೋರಿಸುವ ಸಾಫ್ಟ್‌ವೇರ್ ಸಿಪಿಯು-ಝಡ್‌ನಲ್ಲಿ ಎಸ್‌ಪಿಡಿ (ಸ್ಟಿಕ್ಕಿನ ಮಾಹಿತಿ) ಪುಟ ನೋಡಿದರೆ ಎಷ್ಟು ಜಿಬಿ, ಕಂಪನಿ, ಪಾರ್ಟ್ ನಂಬರ್ ಎಲ್ಲಾ ಸಿಗುತ್ತದೆ. ಆದರೆ ಸ್ಟಿಕ್ ಸರಿ ಇದೆಯಾ ಅನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಮೆಮ್‌ಟೆಸ್ಟ್86+ ಬೇಕು. ಪೆನ್‌ಡ್ರೈವಿನಿಂದ ಶುರು ಮಾಡಿ, ಒಂದು ಸಲಕ್ಕೆ ಒಂದೇ ಸ್ಟಿಕ್ ಹಾಕಿ. ಮಾವನ ಹಳೆ ಮೆಷಿನ್ನಿನಲ್ಲಿ ಒಂದು 4ಜಿಬಿ ಸ್ಟಿಕ್ ಒಂದು ಸುತ್ತು ಮುಗಿಸಲು ಗಂಟೆ ದಾಟುತ್ತಿತ್ತು. ಮೂರು ವಾರ ರಾತ್ರಿ ಇದೇ ಕೆಲಸ. ಮೊದಲು ಏಳು ಸ್ಟಿಕ್ ಸತ್ತಿವೆ ಅಂದುಕೊಂಡಿದ್ದೆ. ಪಿನ್ನುಗಳ ಮೇಲೆ ಕಂದು ಪೊರೆ ಕೂತಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಐದು ಎದ್ದು ಕೂತವು. ರಬ್ಬರ್ ಜೋರಾಗಿ ಉಜ್ಜಬೇಡಿ, ಚಿನ್ನದ ಲೇಪ ತುಂಬಾ ತೆಳು.

ಈಗ ಮಾರಾಟ. ಮೊದಲು ಲ್ಯಾಮಿಂಗ್ಟನ್ ರೋಡ್, ಮುಂಬೈಯ ಕಂಪ್ಯೂಟರ್ ಸಾಮಾನಿನ ಬೀದಿ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಹತ್ತೇ ನಿಮಿಷ. ಮೊದಲ ಸಲ ಟೆಸ್ಟ್ ಮಾಡದೆ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅಂಗಡಿಯವನು ಕೇಳಿದ್ದು ಒಂದೇ ಮಾತು: "ಟೆಸ್ಟೆಡ್ ಹೈ ಕ್ಯಾ?" ಇಲ್ಲ ಅಂದೆ. ಎಲ್ಲಕ್ಕೂ ಒಂದೇ ರೇಟ್, ಸ್ಟಿಕ್ಕಿಗೆ ನೂರು ರೂಪಾಯಿ ಅಂದ. ಎರಡನೇ ಸಲ ತಲೆಮಾರು, ಅಳತೆ ಪ್ರಕಾರ ಬೇರೆ ಬೇರೆ ಕವರಿನಲ್ಲಿಟ್ಟು, ಪಾಸಾದ ತಾರೀಖು ಬರೆದು ಹೋದೆ. 4ಜಿಬಿ ಡಿಡಿಆರ್3ಕ್ಕೆ 250 ಕೊಟ್ಟ. ಅವನೂ ಒಂದೆರಡು ಹಾಕಿ ನೋಡಿ, ಉಳಿದದ್ದು ನಂಬಿದ. ಸರ್ವರಿನ ನಾಲ್ಕನ್ನೂ ಅಲ್ಲೇ ಇನ್ನೊಂದು ಅಂಗಡಿಯಲ್ಲಿ ತೆಗೆದುಕೊಂಡರು. ರೊಕ್ಕ ಕೈಯಲ್ಲಿ, ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿ ಬಂದ್.

ಹಳೆ ಸಾಮಾನು ಮಾರುವ ಒಂದು ಆ್ಯಪಿನಲ್ಲಿ ಅದೇ ಸ್ಟಿಕ್ಕಿಗೆ 450 ಬಂತು. ಜಾಸ್ತಿಯೇ. ಆದರೆ ದಿನಕ್ಕೆ ಇಪ್ಪತ್ತು ಮೆಸೇಜು, ಸ್ಟೇಷನ್ನಿಗೆ ಬರುತ್ತೇನೆ ಅಂದವರು ಬರುವುದಿಲ್ಲ. ಒಬ್ಬ ಕೆಲಸ ಮಾಡುತ್ತಿಲ್ಲ ಅಂತ ವಾಪಸ್ ತಂದ ಸ್ಟಿಕ್ ನನ್ನದೇ ಅಲ್ಲ. ಲೇಬಲ್ಲಿನ ಸೀರಿಯಲ್ ನಂಬರಿನ ಫೋಟೋ ಇತ್ತು, ತೋರಿಸಿದೆ, ಸುಮ್ನೆ ಹೋದ. ಫೋಟೋ ಇಲ್ಲದೆ ಈ ದಾರಿಗೆ ಇಳಿಯಲೇಬೇಡಿ.

ಗುಜರಿ, ಅಂದರೆ ಇಲ್ಲಿನ ಭಂಗಾರ್. ತೂಕಕ್ಕೆ ಹಾಕಿದರೆ ಒಂದು ಸ್ಟಿಕ್ಕಿಗೆ ಮೂವತ್ತು ರೂಪಾಯಿಯೂ ಬೀಳಲಿಲ್ಲ. ಅವರು ನೋಡುವುದು ಪಿನ್ನಿನ ಚಿನ್ನ ಮಾತ್ರ. ಮನೆಯಲ್ಲೇ ಆಸಿಡ್ ಹಾಕಿ ಆ ಚಿನ್ನ ತೆಗೆಯುವ ವಿಡಿಯೋ ನೋಡಿ ಮರುಳಾಗಬೇಡಿ, ಆ ಹೊಗೆ ಶ್ವಾಸಕೋಶ ಸುಡುತ್ತದೆ. ನಿಜವಾಗಿ ಸತ್ತದ್ದನ್ನು ನೋಂದಾಯಿತ ಇ-ತ್ಯಾಜ್ಯದವರಿಗೇ ಕೊಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಲ್ಕನೆಯ ದಾರಿ, ಬೇಕಾದವರ ಕೈಗೇ ಕೊಡುವುದು. ಮಾಟುಂಗದಲ್ಲಿ ನಮ್ಮ ಕಡೆಯವರ ಹೋಟೆಲೊಂದರ ಬಿಲ್ಲಿಂಗ್ ಮೆಷಿನ್ ಮಧ್ಯಾಹ್ನದ ಊಟದ ರಶ್ಶಿನಲ್ಲಿ ನಿಂತೇಬಿಡುತ್ತಿತ್ತು. ಒಳಗೆ ಇದ್ದದ್ದು ಒಂದೇ 1ಜಿಬಿ. ನಾನು ಒಂದು ಬದಿಗೆ ಮಾತ್ರ ಎಂಟು ಚಿಪ್ ಇರುವ 4ಜಿಬಿ ಡಿಡಿಆರ್3 ಹಾಕಿದೆ, ಶುರುವಾಗಲಿಲ್ಲ. ಅದರೊಳಗಿದ್ದದ್ದು ಇಂಟೆಲ್ ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್. ಒಂದೊಂದು ಚಿಪ್ಪಿನಲ್ಲಿ ಅಷ್ಟು ಜಾಸ್ತಿ ತುಂಬಿರುವ ಸ್ಟಿಕ್ ಅದಕ್ಕೆ ಆಗುವುದಿಲ್ಲ. ಎರಡು 2ಜಿಬಿ ಹಾಕಿದೆ, ಕೂಡಲೇ ಎದ್ದಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ಅಗ್ಗಕ್ಕೆ ಹೋಗುವ 2ಜಿಬಿ ಸ್ಟಿಕ್ ಇಲ್ಲಿ ಬಂಗಾರವಾಯಿತು. ಗಲ್ಲಾದಲ್ಲಿ ಕೂತಿದ್ದ ಅಣ್ಣ ನಾನು ಕೇಳುವ ಮೊದಲೇ 600 ಕೊಟ್ಟು, "ಕಾಫಿ ಕುಡಿದೇ ಹೋಗಬೇಕು" ಅಂದರು. ಬಿಲ್ ಒಂದರ ಹಿಂದೆ ಒಂದು ಹೊರಗೆ ಬರುವುದನ್ನು ನೋಡುತ್ತಾ ಕುಡಿದೆ. ಈ ದಾರಿ ನಿಧಾನ, ಒಂದು ತಿಂಗಳಿಗೆ ಆರೇಳು ಸ್ಟಿಕ್ ಹೋದರೆ ಹೆಚ್ಚು. ಆದರೂ ಡಿಡಿಆರ್2ಕ್ಕೆ ಇದಕ್ಕಿಂತ ಒಳ್ಳೆಯ ಬೆಲೆ ನನಗೆ ಬೇರೆಲ್ಲೂ ಸಿಗಲಿಲ್ಲ.

ಡಬ್ಬದಲ್ಲಿ ಈಗ ಐದು ಡಿಡಿಆರ್2 ಉಳಿದಿವೆ. ಸಯನ್ನಿನ ಒಂದು ಹೋಟೆಲಿನವರು ಎರಡು ಬೇಕು ಅಂದಿದ್ದಾರೆ. ಶನಿವಾರ ಮಾವನನ್ನೂ ಕರೆದುಕೊಂಡು ಹೋಗುತ್ತೇನೆ.