ಡಿಸ್ಕ್ ಕೈಕೊಟ್ಟಾಗ ‘ವಿಂಡೋಸ್ ಹಾಕಿಕೊಡಿ’ ಅನ್ನಬೇಡಿ

ರಾಯಚೂರಿನ ತೀನ್ ಕಂದಿಲ್ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಬಿಲ್ ಬುಕ್, ಝೆರಾಕ್ಸ್. ಹೋದ ಬೇಸಿಗೆ, ಅದೂ ಲಗ್ನದ ಸೀಸನ್ ನಡುವೆ, ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ಎರಡೇ ದಿನಕ್ಕೆ ಮತ್ತೆ ಶುರುವಾಯಿತು ಕೂಡ. ಆದರೆ ಒಳಗಿದ್ದ ಏಳು ವರ್ಷದ ಕೆಲಸದಲ್ಲಿ ಒಂದು ಪಾಲು ಇವತ್ತಿಗೂ ಸಿಕ್ಕಿಲ್ಲ. ಫೈಲ್‌ಗಳೆಲ್ಲ ಕೂರೋ ಡಿಸ್ಕ್ ಸಾಯೋದು ಯಾರ ಕೈಯಲ್ಲೂ ಇಲ್ಲ ಬಿಡಿ. ಆಮೇಲೆ ನಾನು ಆಡಿದ ಮಾತು ಮಾತ್ರ ನನ್ನ ಕೈಯಲ್ಲಿತ್ತು.

ಒಂದು ತಿಂಗಳಿಂದ ಅದು ಸೂಚನೆ ಕೊಡುತ್ತಲೇ ಇತ್ತು. ಬೆಳಿಗ್ಗೆ ಆನ್ ಮಾಡಿ, ಎದುರಿಗೆ ಚಹಾ ಕುಡಿದು ಬಂದರೂ ತೆರೆಯ ಮೇಲೆ ಚುಕ್ಕೆಗಳು ತಿರುಗುತ್ತಲೇ ಇರುತ್ತಿದ್ದವು. ಪತ್ರಿಕೆ ವಿನ್ಯಾಸ ಮಾಡೋ ಕೋರೆಲ್ ತಂತ್ರಾಂಶದಲ್ಲಿ ಸೇವ್ ಕೊಟ್ಟರೆ ಅರ್ಧ ನಿಮಿಷ ಗಪ್‌ಚುಪ್. ಕೆಲವು ಫೋಲ್ಡರ್ ತೆರೆದರೆ ಡಬ್ಬದೊಳಗೆ ಟಿಕ್ ಅಂತ ಸದ್ದು. ನಾನು ಬಿಸಿಲಿನ ಮೇಲೆ ಹಾಕಿದೆ. ಏಪ್ರಿಲ್‌ನಲ್ಲಿ ಇಲ್ಲಿ ಮನುಷ್ಯರೇ ನಿಧಾನ, ಪಾಪ ಯಂತ್ರ ಏನು ಮಾಡೀತು ಅಂದುಕೊಂಡೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನ ಆಗಿತ್ತು, ಬದಲಿಸಿರಲಿಲ್ಲ. ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ತಯಾರಾಗುತ್ತದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಈಚೆಗೆ ನನ್ನ ಕಂಪ್ಯೂಟರ್ ಆಗಾಗ ಪಟ್ ಅಂತ ಆರುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ.

ಒಂದು ಸೋಮವಾರ ‘ಆಟೋಮ್ಯಾಟಿಕ್ ರಿಪೇರಿ’ ಅಂತ ಬಂತು. ಅದೇ ತಿರುತಿರುಗಿ ಬಂತು. ಆಮೇಲೆ ಕಪ್ಪು ತೆರೆ, ಬೂಟ್ ಆಗೋ (ಕಂಪ್ಯೂಟರ್ ಶುರು ಮಾಡೋ) ಡಿಸ್ಕ್ ಇಲ್ಲ ಅನ್ನೋ ಒಂದು ಸಾಲು. ಹೊರಗೆ ಗಬ್ಬೂರಿನಿಂದ ಬಂದವರು ಪತ್ರಿಕೆ ಪ್ರೂಫ್‌ಗೆ ಕಾಯುತ್ತಾ ಕೂತಿದ್ದಾರೆ. ರಿಪೇರಿ ಹುಡುಗನಿಗೆ ಫೋನ್ ಮಾಡಿದೆ.

“ತಮ್ಮಾ, ವಿಂಡೋಸ್ ಹೋಗ್ಯಾದ. ಸಂಜಿ ಒಳಗ ಹಾಕ್ಕೊಡು.”

“ಚಿಂತಿ ಬಿಡ್ರಿ ಅಣ್ಣಾ. ಸಿ ಅಷ್ಟೇ ಫಾರ್ಮ್ಯಾಟ್ ಹೊಡಿತೀನಿ. ಡಿ ಹಂಗೇ ಇರ್ತದ.”

ಈ ಎರಡು ಮಾತಿನಲ್ಲೇ ಎಲ್ಲ ಕೆಟ್ಟಿತು. ಹೋಗಿದ್ದು ವಿಂಡೋಸ್ ಅಲ್ಲ, ಡಿಸ್ಕ್. ನಾನು ಕೇಳಿದ್ದು ವಿಂಡೋಸ್, ಅವನು ಕೊಟ್ಟಿದ್ದೂ ವಿಂಡೋಸ್. ಅವನನ್ನು ಬೈಯಲು ನನಗೆ ಬಾಯಿಲ್ಲ.

ಇನ್ನು ಆ ‘ಡಿ ಹಂಗೇ ಇರ್ತದ’. ನನ್ನ ಬ್ಯಾಕಪ್ ಎಲ್ಲ ಡಿ ಡ್ರೈವ್‌ನಲ್ಲಿತ್ತು! ತಿಂಗಳಿಗೊಮ್ಮೆ ಡೆಸ್ಕ್‌ಟಾಪ್‌ನಿಂದ ಡಿಗೆ ಕಾಪಿ ಮಾಡಿ ನಿಶ್ಚಿಂತೆಯಾಗಿ ಮಲಗುತ್ತಿದ್ದೆ. ಸಿ, ಡಿ ಅನ್ನೋದು ಒಂದೇ ಡಿಸ್ಕ್ ಮೇಲೆ ಎಳೆದ ಗೆರೆ. ಒಂದೇ ಹೊಲಕ್ಕೆ ನಡುವೆ ಬದು ಹಾಕಿದಂತೆ. ಹಳ್ಳ ಬಂದರೆ ಬದು ನೋಡಿ ನಿಲ್ಲುತ್ತದಾ? ಇಂಥ ಒಂದೊಂದು ಭಾಗಕ್ಕೆ ಪಾರ್ಟಿಷನ್ ಅಂತಾರೆ. ವಿಂಡೋಸ್ ಮತ್ತೆ ಹಾಕಿಕೊಳ್ಳಲು ಕಂಪನಿಯವರು ಕೊಡೋ ರಿಕವರಿ ಪಾರ್ಟಿಷನ್ ಕಥೆಯೂ ಇದೇ. ಅದೂ ಅದೇ ಡಿಸ್ಕ್‌ನಲ್ಲಿ ಇರುತ್ತದೆ, ಡಿಸ್ಕ್ ಜೊತೆಗೇ ಹೋಗುತ್ತದೆ.

ಹುಡುಗ ಮೊದಲು ವಿಂಡೋಸ್‌ನದೇ ಡಿಸ್ಕ್ ತಪಾಸಣೆ ಸಾಧನ ಚೆಕ್‌ಡಿಸ್ಕ್ ಹಚ್ಚಿದ, ಕೆಟ್ಟ ಸೆಕ್ಟರ್ (ಡಿಸ್ಕ್‌ನ ಚಿಕ್ಕ ಚಿಕ್ಕ ಖಾನೆ) ಹುಡುಕೋ ಆಯ್ಕೆ ಹಾಕಿ. ರಾತ್ರಿಯಿಡೀ ಓಡಿತು. ಚೆನ್ನಾಗಿರೋ ಡಿಸ್ಕ್‌ಗೆ ಅದು ಸರಿ. ಸಾಯುತ್ತಿರೋ ಡಿಸ್ಕ್‌ಗೆ ಅದು ಹಾರ್ಟ್ ಅಟ್ಯಾಕ್ ಆದವನನ್ನು ಓಡಿಸಿದ ಹಾಗೆ. ಮೂಲೆಮೂಲೆ ಓದಿಸುತ್ತದೆ. ಓದಲಾಗದ ಕಡೆ ಫೈಲ್‌ಗಳ ಪಟ್ಟಿಯನ್ನೇ ತನಗೆ ತಿಳಿದಂತೆ ತಿದ್ದುತ್ತದೆ. ಮೂಲಕ್ಕೇ ಕೈ ಹಾಕುವುದರಿಂದ ಆಮೇಲೆ ಹಿಂದಕ್ಕೆ ಬರೋ ದಾರಿ ಇಲ್ಲ.

ಬೆಳಿಗ್ಗೆ ವಿಂಡೋಸ್ ಪೆನ್‌ಡ್ರೈವ್ ಹಾಕಿದ. ಅದು ‘ಈ ಡಿಸ್ಕ್ ಎಂಬಿಆರ್ ಇದೆ, ಇದರ ಮೇಲೆ ಹಾಕಲಾಗಲ್ಲ’ ಅಂತ ಹಟ ಹಿಡಿಯಿತು. ಎಂಬಿಆರ್ ಅಂದರೆ ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಬರೆದಿಡೋ ಹಳೇ ಪದ್ಧತಿ. ಪೆನ್‌ಡ್ರೈವ್ ಯುಇಎಫ್‌ಐ ಅನ್ನೋ ಹೊಸ ದಾರಿಯಲ್ಲಿ ಬೂಟ್ ಆಗಿ, ಡಿಸ್ಕ್ ಎಂಬಿಆರ್‌ನದ್ದಾಗಿದ್ದರೆ ಹೀಗೆ ಬರುತ್ತದೆ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್‌ನ ಲೆಗಸಿ (ಹಳೇ ದಾರಿಯ) ಆಯ್ಕೆ ಒತ್ತಿದ್ದರೆ ಒಂದು ನಿಮಿಷದ ಕೆಲಸ. ಹುಡುಗ ಸುಲಭದ ದಾರಿ ಹಿಡಿದ. ಎಲ್ಲ ಪಾರ್ಟಿಷನ್ ಡಿಲೀಟ್! ಡಿ ಅಲ್ಲಿಗೆ ಮುಗಿಯಿತು. ಮುಂದೆ ಹೊಸ ವಿಂಡೋಸ್ ಹಳೆಯದರ ಮೇಲೆಯೇ ಎಷ್ಟೋ ಜಿಬಿ ಬರೆದುಕೊಂಡಿತು.

ಅದಕ್ಕೆ 1,500 ರೂಪಾಯಿ ಕೊಟ್ಟೆ, ‘ಪ್ರೊ ವಿಂಡೋಸ್ ಹಾಕೀನಿ’ ಅಂದದ್ದಕ್ಕೆ. ಇದೂ ದಂಡ. ಪ್ರೊ, ಹೋಮ್ ಅನ್ನೋದು ವಿಂಡೋಸ್‌ನ ಬೇರೆ ಬೇರೆ ಆವೃತ್ತಿ. ನನ್ನ ಯಂತ್ರದಲ್ಲಿ ಮೊದಲೇ ಅಸಲಿ ವಿಂಡೋಸ್ 10 ಹೋಮ್ ಇತ್ತು. ಅದರ ಡಿಜಿಟಲ್ ಲೈಸೆನ್ಸ್ ಕೂತಿರೋದು ಮದರ್‌ಬೋರ್ಡ್ ಲೆಕ್ಕದಲ್ಲಿ, ಡಿಸ್ಕ್ ಲೆಕ್ಕದಲ್ಲಿ ಅಲ್ಲ. ಡಿಸ್ಕ್ ಬದಲಿಸಿ ಅದೇ ಹೋಮ್ ಹಾಕಿ ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಪ್ರೊ ಹಾಕಿದರೆ ಆಗಲ್ಲ. ಹಾಗಾಗಿ ಹುಡುಗ ಆಂಟಿವೈರಸ್ ಬಂದ್ ಮಾಡಿ, ಲೈಸೆನ್ಸ್ ಇಲ್ಲದೆ ನಡೆಸೋ ಯಾವುದೋ ಕಳ್ಳ ತಂತ್ರಾಂಶ (ಕ್ರ್ಯಾಕ್) ಓಡಿಸಿದ್ದ. ಬಿಲ್ಲಿನ ಲೆಕ್ಕ ಇಡೋ ಕಂಪ್ಯೂಟರ್‌ನಲ್ಲಿ!

ಸಂಜೆ ಡಿ ಖಾಲಿ ಕಂಡಾಗ ಕೈಕಾಲು ತಣ್ಣಗಾದವು. ಹೈದರಾಬಾದ್‌ನಲ್ಲಿರೋ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. ಅವನು ಮೊದಲು ಹೇಳಿದ್ದು ಒಂದೇ: “ಮಾಮಾ, ಮೊದಲು ಪ್ಲಗ್ ತೆಗೀರಿ. ಏನೂ ಮುಟ್ಟಬ್ಯಾಡ್ರಿ.”

ಶನಿವಾರ ಬಂದ. ವಿಂಡೋಸ್ ಬದಲು ಓಡೋ ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳೋ ಸ್ಮಾರ್ಟ್ ವರದಿ ತೆಗೆದ. 197ನೇ ಸಾಲು ನೋಡಿ ಅಂದ. ಓದಲಾಗದೆ ಬಾಕಿ ಬಿದ್ದ ಸೆಕ್ಟರ್‌ಗಳ ಎಣಿಕೆ ಅದು. ಸೊನ್ನೆ ಇರಬೇಕು, ನೂರಾರು ಇತ್ತು. 5ನೇ ಸಾಲು ಬದಲಿ ಜಾಗಕ್ಕೆ ದೂಡಿದ ಸೆಕ್ಟರ್‌ಗಳದ್ದು, ಅದೂ ಏರಿತ್ತು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪುಕ್ಕಟೆ ತಂತ್ರಾಂಶ ಇದನ್ನೇ ಹಳದಿ ಬಣ್ಣದಲ್ಲಿ ‘ಕಾಷನ್’ ಅಂತ ತೋರಿಸುತ್ತದೆ. ಮೊದಲ ಟಿಕ್ ಕೇಳಿದ ದಿನ ಅದನ್ನು ಹಾಕಿ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆಮೇಲೆ ಅವನು ಕೆಟ್ಟ ಡಿಸ್ಕ್ ಅನ್ನು ಹೊಸದಕ್ಕೆ ಕಾಪಿ ಮಾಡೋ ಡಿಡಿರೆಸ್ಕ್ಯೂ ತಂತ್ರಾಂಶ ಹಚ್ಚಿದ. ಇದರ ಬುದ್ಧಿ ನನಗೆ ಬಹಳ ಹಿಡಿಸಿತು. ಕೆಟ್ಟ ಜಾಗದಲ್ಲಿ ಗುದ್ದಾಡುತ್ತಾ ಕೂರಲ್ಲ. ಸುಲಭಕ್ಕೆ ಸಿಗೋದನ್ನೆಲ್ಲ ಮೊದಲು ಬಾಚಿ ಹೊಸ ಡಿಸ್ಕ್‌ಗೆ ಹಾಕುತ್ತದೆ. ಕಷ್ಟದ್ದಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿವರೆಗೆ ಆಯಿತು ಅನ್ನೋದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮೂರಿಗೆ ಹೇಳಿ ಮಾಡಿಸಿದಂತಿದೆ. ಎರಡು ರಾತ್ರಿ ಹಿಡಿಯಿತು. ಡಿಸ್ಕ್ ಬಿಚ್ಚಿ ಹೊರಗಿಟ್ಟು ಟೇಬಲ್ ಫ್ಯಾನ್ ಹಚ್ಚಿದ್ದೆವು. ನಾವು ಸೆಕೆಯಲ್ಲಿ ಕೂತೆವು, ಅದು ಗಾಳಿ ತಗೊಂಡಿತು.

ಇದರಲ್ಲಿ ಒಂದು ಗಂಡಾಂತರ ಇದೆ. ಯಾವುದರಿಂದ ಯಾವುದಕ್ಕೆ ಅನ್ನೋದನ್ನು ಅದಲುಬದಲು ಬರೆದರೆ ಖಾಲಿ ಡಿಸ್ಕ್ ಹಳೆಯದರ ಮೇಲೆ ಕಾಪಿ ಆಗುತ್ತದೆ. ಅವನು ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಓದಿಸಿ, ತೆರೆಯಲ್ಲಿ ಹೊಂದಿಸಿ ನೋಡಿ, ಆಮೇಲೆ ಎಂಟರ್ ಒತ್ತಿದ. ಹೊಸದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ನಿಮ್ಮ ಡಿಸ್ಕ್ ಒಂದೇ ಸಮ ಟಕ್ ಟಕ್ ಅನ್ನುತ್ತಿದ್ದರೆ ಇದನ್ನೂ ಮಾಡಬೇಡಿ. ಒಳಗೆ ಓದೋ ಹೆಡ್ಡೇ ಹೋಗಿರಬಹುದು, ಓಡಿದಷ್ಟೂ ಮಾಹಿತಿ ಇರೋ ತಟ್ಟೆ ಗೀಚಬಹುದು. ಅದು ಲ್ಯಾಬಿನವರ ಕೆಲಸ, ಖರ್ಚೂ ಜಾಸ್ತಿ.

ಕಾಪಿಯ ಮೇಲೆ, ಕಳೆದುಹೋದ ಪಾರ್ಟಿಷನ್ ಹುಡುಕೋ ಟೆಸ್ಟ್‌ಡಿಸ್ಕ್ ತಂತ್ರಾಂಶ ಓಡಿಸಿದಾಗ ಅಳಿಸಿಹೋದ ಡಿ ಪಾರ್ಟಿಷನ್ ಎದ್ದು ಬಂತು. ಫೋಲ್ಡರ್ ಹೆಸರಿನ ಸಮೇತ! ಖುಷಿಯಿಂದ ಒಂದು ಪತ್ರಿಕೆ ತೆರೆದೆ. ಗಂಡಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು. ಎಲ್ಲ ಕೆಟ್ಟಿದೆ ಅಂತ ತಲೆ ಹಿಡಿದು ಕೂತೆ. ಅಕ್ಕನ ಮಗ ನಕ್ಕ. ಹೊಸ ವಿಂಡೋಸ್‌ನಲ್ಲಿ ನುಡಿ ಫಾಂಟೇ ಇರಲಿಲ್ಲ. ಹಳೇ ನುಡಿ, ಬರಹ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡೋ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಹಾಕಿದ ಕೂಡಲೇ ಮದುಮಗ ವಾಪಸ್ ಬಂದ. ಡಿಟಿಪಿ ಮಾಡೋರು ಫಾಂಟ್ ಫೋಲ್ಡರ್ ಅನ್ನೂ ಬೇರೆ ಕಡೆ ಇಟ್ಟುಕೊಳ್ಳಿ.

ಸಿ ಡ್ರೈವ್ ಮಾತ್ರ ದಕ್ಕಲಿಲ್ಲ. ಅದರ ಮೇಲೆಯೇ ಹೊಸ ವಿಂಡೋಸ್ ಕೂತಿತ್ತಲ್ಲ. ಅಳಿದ ಫೈಲ್ ಹೆಕ್ಕೋ ಫೋಟೊರೆಕ್ ತಂತ್ರಾಂಶ ಹೆಸರಿಲ್ಲದ ಸಾವಿರಾರು ಚೂರು ಕೊಟ್ಟಿತು, ಜಾಸ್ತಿ ಅರೆಬರೆ. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವ್. ಕೊನೇ ಬ್ಯಾಕಪ್ ಆದಮೇಲಿನ ಕೆಲಸ ಎಲ್ಲ ಅಲ್ಲೇ ಬಿದ್ದಿತ್ತು.

ಈಗ ವಿಂಡೋಸ್ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಮೇಲಿದೆ. ಅದೂ ಅಮರ ಅಲ್ಲ, ಟಿಕ್ ಅನ್ನೋ ಸದ್ದೂ ಮಾಡದೆ ಸಾಯುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಪೂರ್ತಿ ಇಮೇಜ್ (ಡಿಸ್ಕ್‌ನ ಇಡೀ ಪ್ರತಿ) ತೆಗೆದು ಹೊರಗಿನ ಡಿಸ್ಕ್‌ಗೆ ಹಾಕುತ್ತೇನೆ. ವಿಂಡೋಸ್, ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ. ಆ ಡಿಸ್ಕ್ ಕೇಬಲ್ ಕಿತ್ತು ಮನೆಯಲ್ಲಿಡುತ್ತೇನೆ. ಹೊಸ ಲ್ಯಾಪ್‌ಟಾಪ್ ಇರೋರು ಇನ್ನೊಂದು ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ ಡಿಸ್ಕ್‌ಗೆ ತಾನಾಗೇ ಬೀಗ (ಎನ್‌ಕ್ರಿಪ್ಷನ್) ಬಿದ್ದಿರಬಹುದು. 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಡಿಸ್ಕ್ ಗಟ್ಟಿಯಿದ್ದರೂ ಏನೂ ಸಿಗಲ್ಲ. ಇವತ್ತೇ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಹಾಳೆಯಲ್ಲಿ ಬರೆದಿಡಿ.

ಮೊನ್ನೆ ದೇವದುರ್ಗದ ಕಡೆಯಿಂದ ಒಬ್ಬರು ಬಂದಿದ್ದರು. “ಹಿರೇಮಗಂದು ನೀವೇ ಮಾಡಿದ್ರಲ್ರಿ, ಅದೇ ಇರಲಿ. ಹೆಸರು ತಾರೀಖು ಅಷ್ಟೇ ಬದಲಿ ಮಾಡ್ರಿ” ಅಂದರು. ಆ ಫೈಲ್ ಡೆಸ್ಕ್‌ಟಾಪ್‌ನಲ್ಲಿತ್ತು. ಅವರ ಮನೆಯ ಟ್ರಂಕ್‌ನಲ್ಲಿ ಉಳಿದಿದ್ದ ಒಂದು ಹಳೇ ಪತ್ರಿಕೆ ತರಿಸಿಕೊಂಡು, ಗಣಪತಿಯಿಂದ ಹಿಡಿದು ಮತ್ತೆ ಕೂರಿಸುತ್ತಿದ್ದೇನೆ.